ಪ್ರಭುದೇವರ ಚರಿತೆ: ಕಥೆಯೊಂದು, ದೃಷ್ಟಿಯೆರಡು

ಶಿವಮೊಗ್ಗೆಯ ಸೀಮೆಯು ಶರಣಧರ್ಮಕ್ಕೆ ತವರಾದುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಪ್ರಸಿದ್ಧವಾಗಿರುವುದು. ರವೀಂದ್ರನಗರದ ಭಕ್ತರು ಮೊದಲಾಗಿ ಈ ನಾಡಿನ ಸದ್ಭಕ್ತರೆಲ್ಲರೂ ಪ್ರಭುದೇವರ ಕಥೆಯನ್ನು ಬಾಲ್ಯದಿಂದಲೇ ಬಲ್ಲರು. ಆದರೆ ಪೂರ್ವಕವಿಗಳು ಇದನ್ನು ಒಂದೇ ಬಗೆಯಾಗಿ ಹೇಳಿರುವುದಿಲ್ಲ. ಯಾರು ಎಲ್ಲಿ ನಿಂತು ನೋಡಿದರೆಂಬುದರಿಂದ ಕಥೆಯ ತಾತ್ಪರ್ಯವೇ ಬೇರೆಯಾಗಿರುವುದು.

ಹರಿಹರದೇವನು ಶರಣರ ಕಾಲಕ್ಕೆ ಸಮೀಪನಾದ ಕವಿ. ಆತನ ‘ಪ್ರಭುದೇವರ ರಗಳೆ’ಯಲ್ಲಿ ಕೈಲಾಸದ ಪೂರ್ವವೃತ್ತಾಂತವುಂಟು, ಆದರೆ ಧರೆಗಿಳಿದ ಮೇಲೆ ಕವಿಯು ಅಲ್ಲಮನ ಬದಿಯಲ್ಲಿಯೇ ನಡೆಯುವನು. ಮದ್ದಳೆಯ ಅಲ್ಲಮನು ಕಮಲತೆಯನ್ನು ಒಲಿದು ವರಿಸುವನು. ಆಕೆ ಜ್ವರದಿಂದ ಮಡಿಯಲು ವಿರಹದಿಂದ ಅಲೆಯುವನು. ಆಗ ನೆಲದಿಂದ ಮೇಲೆದ್ದ ಕಳಸವೊಂದು ಕಾಣಲು, ಅಗೆಸಿ ನೋಡಿದರೆ ಹೂತುಹೋದ ಗುಡಿ. ಒಳಗೆ ಲಿಂಗನಿಷ್ಠನಾದ ಅನಿಮಿಷಯ್ಯ. ಓದುವವನು ಈ ಎಲ್ಲವನ್ನೂ ದುಃಖಿತನ ಕಣ್ಣಿನಿಂದಲೇ ಕಾಣುವನು.

15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದನು. ಇಲ್ಲಿ ಶಿವಪಾರ್ವತಿಯರ ಸಂವಾದದಿಂದಲೇ ಅಲ್ಲಮನು ಮಾಯಾತೀತನೆಂದು ಓದುವವನಿಗೆ ಮೊದಲೇ ತಿಳಿದಿರುವುದು. ಮದ್ದಳೆಗಾರಿಕೆಯು ಬರಿಯ ಲೀಲೆ. ಬನವಸೆಯ ಅರಸುಮಗಳಾದ ಮಾಯೆಯೇ ಮೋಹದಿಂದ ಬಳಲುವಳು; ಅಲ್ಲಮನು ಆಕೆಯ ಕೈಗೆ ಸಿಕ್ಕದೆ ಹೋಗುವನು. ನೋವು ಪ್ರಭುವಿನದಲ್ಲ, ಮಾಯೆಯದು.

ಉಡುತಡಿಯ ಮಹಾದೇವಿಯಕ್ಕನ ವಿಷಯದಲ್ಲಿಯೂ ಇದೇ ಭೇದವುಂಟು. ಅಕ್ಕನು ಕೌಶಿಕನನ್ನು ವರಿಸಿ, ಆತನು ಮಾತಿಗೆ ತಪ್ಪಲು ತೊರೆದಳೆಂದು ಹರಿಹರನು ಹೇಳಿದರೆ, ವಿವಾಹವೇ ಆಗಲಿಲ್ಲವೆಂದು ಚಾಮರಸನು ಹೇಳುವನು.

ಇವೆರಡರಲ್ಲಿ ಯಾವುದನ್ನು ನಂಬಬೇಕೆಂಬ ಶಂಕೆ ಭಕ್ತರಿಗೆ ಸಹಜವೇ. ಕಮಲತೆಯ ಕಥೆಯು ಪ್ರಭುದೇವರಿಗೆ ಕುಂದನ್ನು ತರುವುದೆಂದು ಭಾವಿಸಿ ಹರಿಹರನನ್ನು ಬದಿಗಿರಿಸುವುದು ಯುಕ್ತವಲ್ಲ. ಚಾಮರಸನು ಸಿದ್ಧಿಯ ಶಿಖರದಿಂದ ನೋಡಿದನು. ಆದುದರಿಂದ ಗುರುವಿನ ನಿತ್ಯನಿರ್ಮಲ ಸ್ವರೂಪವು ಆತನಿಗೆ ಗೋಚರಿಸಿತು. ಹರಿಹರನು ಸಾಧಕನ ಹಾದಿಯಿಂದ ನೋಡಿದನು; ಆದುದರಿಂದ ಸಂಸಾರದಲ್ಲಿ ಬೆಂದವನಿಗೂ ಲಿಂಗವು ದೊರೆಯುವುದೆಂಬ ಅಭಯವು ಆತನ ಕಥೆಯಲ್ಲಿ ಉಳಿಯಿತು. ಮೊದಲನೆಯದು ವಂದನೆಗೆ, ಎರಡನೆಯದು ನಡೆಗೆ.

ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ‘ಶೂನ್ಯಸಂಪಾದನೆ’ಯಲ್ಲಿಯಾದರೋ ಮೂರನೆಯ ಬಗೆಯುಂಟು. ಅಲ್ಲಿ ನಿರೂಪಕನು ಹಿಂದೆ ಸರಿದು, ಶರಣರನ್ನು ಅವರವರ ವಚನಗಳಿಂದಲೇ ಮಾತನಾಡಿಸಿರುವನು. ಕವಿಗಳ ಕಥೆಯನ್ನು ಕೇಳಿದ ಭಕ್ತನು ಕಡೆಗೆ ಬಂದು ನಿಲ್ಲಬೇಕಾದುದು ಆ ವಚನಗಳ ಸನ್ನಿಧಿಯಲ್ಲಿಯೇ.