ಹತ್ತು ವರ್ಷ ಕಳ್ಳನೆನಿಸಿಕೊಂಡ ಕಾವಲುಗಾರ



ಒಂದೇ ಮನೆಯಲ್ಲಿ ತಾಯಿಗೆ ಸ್ತನ ಕ್ಯಾನ್ಸರ್, ಮಗನಿಗೆ ಮೂಳೆ ಕ್ಯಾನ್ಸರ್, ಮೊಮ್ಮಗುವಿಗೂ ಗಡ್ಡೆ ಎಂದರೆ ಊರಿನವರು ಏನು ಮಾತಾಡಿಕೊಳ್ಳುತ್ತಾರೆಂದು ನಿಮಗೆ ಗೊತ್ತೇ ಇದೆ. ಶಾಪ ಎನ್ನುತ್ತಾರೆ, ಹಿರಿಯರ ಪಾಪ ಎನ್ನುತ್ತಾರೆ. 1969ರಲ್ಲಿ ಅಮೆರಿಕದ ವೈದ್ಯರಾದ ಫ್ರೆಡರಿಕ್ ಲೀ ಮತ್ತು ಜೋಸೆಫ್ ಫ್ರೌಮೆನಿ ಇಂಥ ನಾಲ್ಕು ಕುಟುಂಬಗಳ ಬಗ್ಗೆ ಬರೆದರು. ಕಾರಣ ಮಾತ್ರ ಅವರಿಗೂ ಸಿಗಲಿಲ್ಲ.

ಕಾರಣದ ಎಳೆ ಸಿಕ್ಕಿದ್ದು ಬೇರೊಂದು ಕಡೆಯಿಂದ. 1979ರಲ್ಲಿ ಲಂಡನ್‌ನಲ್ಲಿ ಡೇವಿಡ್ ಲೇನ್, ಪ್ರಿನ್ಸ್‌ಟನ್‌ನಲ್ಲಿ ಆರ್ನಾಲ್ಡ್ ಲೆವಿನ್ ಮತ್ತು ಇನ್ನೂ ಕೆಲವರು, ಗಡ್ಡೆ ಬರಿಸುವ ಎಸ್‌ವಿ40 ಎಂಬ ಮಂಗಗಳ ವೈರಸ್ಸನ್ನು ಅಭ್ಯಾಸ ಮಾಡುತ್ತಿದ್ದಾಗ ಅದಕ್ಕೆ ಸೇರಿದ ಪ್ರೋಟೀನಿಗೆ ಅಂಟಿಕೊಂಡ ಮತ್ತೊಂದು ಪ್ರೋಟೀನನ್ನು ಕಂಡರು. ತೂಕ 53 ಸಾವಿರ ಡಾಲ್ಟನ್ ಎಂದು ತೋರಿದ್ದರಿಂದ ಪಿ53 ಎಂದು ಕರೆದರು. (ನಿಜವಾದ ತೂಕ ಸುಮಾರು 44 ಸಾವಿರ. ಹೆಸರೇ ತಪ್ಪು!)

ಹೆಸರಿಗಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಕ್ಯಾನ್ಸರ್ ಕೋಶಗಳಲ್ಲಿ ಪಿ53 ಹೇರಳವಾಗಿತ್ತು. ಅದರ ಜೀನನ್ನು ಕೋಶಗಳಿಗೆ ಸೇರಿಸಿದರೆ ಅವು ಕ್ಯಾನ್ಸರ್ ಕೋಶಗಳಂತೆ ವರ್ತಿಸುತ್ತಿದ್ದವು. ಹಾಗಾದರೆ ಕಳ್ಳ ಇವನೇ ಎಂದು ಹೆಚ್ಚಿನವರು ನಂಬಿದರು. ಹತ್ತು ವರ್ಷ ಆ ನಂಬಿಕೆ ನಡೆಯಿತು.

1989ರಲ್ಲಿ ಬಾಲ್ಟಿಮೋರ್‌ನ ಬರ್ಟ್ ವೋಗಲ್‌ಸ್ಟೈನ್ ತಂಡ ದೊಡ್ಡ ಕರುಳಿನ ಕ್ಯಾನ್ಸರನ್ನು ಪರೀಕ್ಷಿಸಿತು. 17ನೇ ಕ್ರೋಮೋಸೋಮಿನಲ್ಲಿರುವ ಈ ಜೀನಿನ ಒಂದು ಪ್ರತಿ ಕಳೆದುಹೋಗಿತ್ತು, ಉಳಿದದ್ದು ಕೆಟ್ಟಿತ್ತು. ಅದೇ ವರ್ಷ ಲೆವಿನ್ ತಂಡ ತನ್ನ ಹಳೆಯ ಕೆಲಸವನ್ನೇ ತಿದ್ದಿತು. ಮೊದಲು ಬಳಸಿದ್ದು ಕೆಟ್ಟ ಪ್ರತಿ. ಆರೋಗ್ಯವಂತ ಪ್ರತಿ ಗಡ್ಡೆಯನ್ನು ತಡೆಯುತ್ತದೆ. ತಮ್ಮದೇ ಮಾತನ್ನು ಹೀಗೆ ಹಿಂದಕ್ಕೆ ಪಡೆಯುವುದು ಸುಲಭವಲ್ಲ, ನನಗಂತೂ ಈ ಕಥೆಯಲ್ಲಿ ಇಷ್ಟವಾದ ಭಾಗ ಅದೇ.

ಪಿ53 ಮಾಡುವ ಕೆಲಸವೇನು? ಡಿಎನ್‌ಎಗೆ ಪೆಟ್ಟಾದಾಗ ನಾಲ್ಕು ಪಿ53 ಜೊತೆಗೂಡಿ ಡಿಎನ್‌ಎ ಮೇಲೆ ಕುಳಿತು ಬೇರೆ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಅವುಗಳಲ್ಲಿ ಪಿ21 ಎಂಬುದು ಕೋಶ ಒಡೆದು ಎರಡಾಗುವುದನ್ನು ನಿಲ್ಲಿಸುತ್ತದೆ. ರಿಪೇರಿ ಆಗದಷ್ಟು ಹಾಳಾಗಿದ್ದರೆ ಕೋಶ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರ ಕೆಟ್ಟಿರುತ್ತಾನೆ. ಹೆಚ್ಚಿನವರಲ್ಲಿ ಅದು ಹುಟ್ಟಿನಿಂದ ಬಂದದ್ದಲ್ಲ, ಬದುಕಿನ ನಡುವೆ ಆದದ್ದು.

ಆದರೆ ಲೀ ಮತ್ತು ಫ್ರೌಮೆನಿ ಕಂಡಂಥ ಮನೆಗಳಲ್ಲಿ? 1990ರಲ್ಲಿ ಅಂಥ ಐದು ಕುಟುಂಬಗಳನ್ನು ಪರೀಕ್ಷಿಸಿದಾಗ ಐದರಲ್ಲೂ ಕೆಟ್ಟ ಪಿ53 ಜೀನ್ ಹುಟ್ಟಿನಿಂದಲೇ ಇತ್ತು. ತಂದೆಯಲ್ಲೋ ತಾಯಿಯಲ್ಲೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಈಗ ಅದನ್ನು ರಕ್ತ ಪರೀಕ್ಷೆಯಲ್ಲಿ ತಿಳಿಯಬಹುದು. ಇದೆಯೆಂದು ಗೊತ್ತಾದವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಸ್ಕ್ಯಾನ್ ಮಾಡಿಸಲು ವೈದ್ಯರು ಹೇಳುತ್ತಾರೆ, ಗಡ್ಡೆ ಚಿಕ್ಕದಿರುವಾಗಲೇ ಸಿಗಲಿ ಎಂದು.