ಬೈರಿಗೆಯ ಮರಿಮಗ

ಕುರುಗೋಡಿನ ನಮ್ಮ ಹಳೇ ಮನೆ ಕೆಡವುವಾಗ ಅಪ್ಪ ಕೇಳಿದ್ದು ಒಂದೇ ಒಂದು. "ಏನರ ಮಾಡ್ರಿ, ತಲೆಬಾಗಿಲ ಚೌಕಟ್ಟು ಮಾತ್ರ ಉಳಸ್ರಿ." ತೇಗದ ಚೌಕಟ್ಟು ಅದು. ಮೇಲಿನ ಅಡ್ಡಪಟ್ಟಿಯಲ್ಲಿ ಒಂಬತ್ತು ತಾವರೆಗಳ ಸಾಲು. ಒಂಬತ್ತು ಅಂತ ಹೇಳುವುದಷ್ಟೇ, ನಾನು ಕಂಡದ್ದು ಎಂಟೇ. ಎಡದಿಂದ ಆರನೆಯದು ನಾನು ಹುಟ್ಟುವ ಮೊದಲೇ ಮಳೆನೀರು ಇಳಿದು ಕೊಳೆತು ಉದುರಿತ್ತಂತೆ. ಬಳ್ಳಾರಿಯ ಹೊಸ ಮನೆಗೆ ಆ ಚೌಕಟ್ಟನ್ನೇ ಕೂರಿಸುವುದೆಂದು ತೀರ್ಮಾನವಾದಾಗ, "ಆರನೇ ತಾವರೆ ನಾನು ಕೆತ್ತುತೀನಿ ಬಿಡ್ರಿ" ಎಂದುಬಿಟ್ಟೆ. ಜಂಬ ನೋಡಿ. ಅಲ್ಲಿಯವರೆಗೆ ನಾನು ಕೆತ್ತಿದ್ದು ಪೆನ್ಸಿಲ್ ಮಾತ್ರ.

ಹಳೇ ತೊಲೆಯಿಂದ ಗೇಣುದ್ದದ ತೇಗದ ತುಂಡೊಂದು ಸಿಕ್ಕಿತು. ಬಣ್ಣವೂ ಅದೇ, ವಯಸ್ಸೂ ಅದೇ. ಉಳಿ ಹಿಡಿದು ಕಲಿಯಲು ವರ್ಷಗಳು ಬೇಕು, ಮೆಷಿನ್ನಾದರೆ ವಾರ ಸಾಕು ಎಂಬ ಲೆಕ್ಕಾಚಾರದಲ್ಲಿ ಒಂದು ರೋಟರಿ ಟೂಲ್ ತಂದೆ. ಟಾರ್ಚಿನಷ್ಟು ದಪ್ಪ, ಮೂತಿಗೆ ಮೂರು ಮಿಲಿಮೀಟರ್ ಚಿಲ್ಲರೆ ದಪ್ಪದ ಬಿಟ್. ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು, ಅಂದರೆ ಸೆಕೆಂಡಿಗೆ ಐನೂರು! ಅದೇ ಜೋರಿನಲ್ಲಿ ತೇಗಕ್ಕೆ ಒತ್ತಿದೆ. ಹೊಗೆ ಬಂತು. ಎಸಳು ಬರಬೇಕಾದ ಜಾಗದಲ್ಲಿ ಸುಟ್ಟ ಕರೀ ಗೆರೆ. ತೇಗದ ಎಣ್ಣೆಗೆ ಧೂಳು ಅಂಟಿ ಬಿಟ್ಟಿನ ಹಲ್ಲುಗಳೆಲ್ಲ ಮುಚ್ಚಿಹೋದವು. ಇನ್ನೊಮ್ಮೆ ಹಿಡಿದಾಗ ಬಿಟ್ ಪುಟ್ಟ ಚಕ್ರದ ಹಾಗೆ ಉರುಳುತ್ತಾ ಓಡಿ, ಗೀಚಿಟ್ಟುಕೊಂಡಿದ್ದ ತಾವರೆಯ ನಡುಮಧ್ಯೆ ಅಡ್ಡಗೆರೆ ಎಳೆಯಿತು. ಇದ್ದದ್ದೊಂದೇ ತುಂಡು. ಅರ್ಧ ಕೆಟ್ಟಿತು.

ನಮ್ಮೂರಲ್ಲಿ ತೇರಿನ ಕೆಲಸ, ಬಾಗಿಲ ಕೆಲಸ ಮಾಡುತ್ತಿದ್ದ ಹಿರಿಯ ಬಡಗಿಯೊಬ್ಬರು ಈಗ ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿದ್ದಾರೆ. ತುಂಡನ್ನೂ ಮೆಷಿನ್ನನ್ನೂ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಅಜ್ಜ ಮೆಷಿನ್ ಹಚ್ಚಿ ಕಿವಿ ಹತ್ತಿರ ಹಿಡಿದು ಕೇಳಿದರು, ಆರಿಸಿದರು, ಬಿಟ್ಟಿನ ತುದಿಯನ್ನು ಉಗುರಲ್ಲಿ ಮುಟ್ಟಿ ನೋಡಿದರು. ಆಮೇಲೆ ಹೇಳಿದ್ದು ಇಷ್ಟು: "ಇದನ್ನ ಉಳಿ ಅಂತ ತಿಳ್ಕಂಡೀ ಏನ? ಇದು ಬೈರಿಗಿ ಐತಿ. ಬೈರಿಗೀಗೆ ಅರದ ಹಲ್ಲು ಹಚ್ಯಾರ."

ಬಸ್ಸಲ್ಲಿ ವಾಪಸ್ ಬರುವಾಗ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. (ಇನ್ನು ಮುಂದಿನ ಕೊರೆತ ನಿಮಗೆ, ಗೆಳೆಯರೇ. ಸಹಿಸಿಕೊಳ್ಳಿ.)

ಬಡಗಿಯ ಪೆಟ್ಟಿಗೆಯಲ್ಲಿ ಎರಡು ಕುಲಗಳಿವೆ ನೋಡಿ. ಉಳಿ, ಬಾಚಿ, ಕೀಸುಳಿ ಒಂದು ಕುಲ. ಇವು ಮರದ ನಾರನ್ನು ಸೀಳಿ ಚಕ್ಕೆ ಎಬ್ಬಿಸುವಂಥವು. ಬೈರಿಗೆ, ಅರ ಇನ್ನೊಂದು ಕುಲ. ಇವು ತಿರುಗಿಸಿ, ಉಜ್ಜಿ, ಪುಡಿ ಮಾಡುವಂಥವು. ನನ್ನ ಮೆಷಿನ್ ಎರಡನೆಯ ಕುಲದ್ದು. ಆ ಕುಲದ ಚರಿತ್ರೆ ಹುಡುಕುತ್ತಾ ಹೋದರೆ ಸಿಗುವುದು ಬಡಗಿಯಲ್ಲ, ಹಲ್ಲಿನ ಡಾಕ್ಟರು!

ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸಿಕ್ಕ ಒಂಬತ್ತು ಜನರ ಹನ್ನೊಂದು ಹಲ್ಲುಗಳಲ್ಲಿ ಕೊರೆದ ತೂತುಗಳಿದ್ದವೆಂದು 2006ರಲ್ಲಿ ಪ್ರಕಟವಾಯಿತು. ಏಳೂವರೆ ಸಾವಿರದಿಂದ ಒಂಬತ್ತು ಸಾವಿರ ವರ್ಷ ಹಿಂದಿನವು. ಮಣಿಗಳಿಗೆ ತೂತು ಹಾಕುವ ಊರದು. ಚಕಮಕಿ ಕಲ್ಲಿನ ಮೊನೆಯ ಅದೇ ಬೈರಿಗೆ ಹಲ್ಲಿಗೂ ಇಳಿದಿರಬೇಕು ಎನ್ನುತ್ತಾರೆ ತಿಳಿದವರು. ಅಲ್ಲಿಂದ ಸಾವಿರಾರು ವರ್ಷ ಬೈರಿಗೆ ಹೆಚ್ಚೇನೂ ಬದಲಾಗಲಿಲ್ಲ. ಬಿಲ್ಲು ಎಳೆದರೆ ಆ ಕಡೆ, ಬಿಟ್ಟರೆ ಈ ಕಡೆ. 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಎಂಬ ದಂತವೈದ್ಯ, ಹೊಲಿಗೆ ಯಂತ್ರದ ಹಾಗೆ ಕಾಲಲ್ಲಿ ತುಳಿದು ತಿರುಗಿಸುವ ಹಲ್ಲು ಕೊರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಜೀನ್ಸ್ ಹೊಲಿಯುವ ನಮ್ಮ ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕೇ ವರ್ಷಕ್ಕೆ ಜಾರ್ಜ್ ಗ್ರೀನ್ ಅದಕ್ಕೆ ಕರೆಂಟು ಕೊಟ್ಟ. ಆಮೇಲೆ ಆಲ್ಬರ್ಟ್ ಡ್ರೆಮೆಲ್ ಎಂಬ ಆಸ್ಟ್ರಿಯಾ ಮೂಲದವನು ವಿಸ್ಕಾನ್ಸಿನ್ನಿನ ರೇಸಿನ್ ಊರಲ್ಲಿ 1932ರಲ್ಲಿ ಕಂಪನಿ ತೆರೆದು, ಕೆಲವೇ ವರ್ಷಗಳಲ್ಲಿ ಮೋಟರನ್ನೇ ಮುಷ್ಟಿಯೊಳಗೆ ಕೂರಿಸಿ ಮೋಟೋ-ಟೂಲ್ ಎಂದು ಮಾರಿದ. 1993ರಲ್ಲಿ ಬಾಷ್ ಆ ಕಂಪನಿಯನ್ನು ಕೊಂಡಿತು. ಈಗ ಚಿಕ್ಕ ತಿರುಗುಯಂತ್ರ ಯಾವುದಾದರೂ ಜನ ಅದನ್ನು ಡ್ರೆಮೆಲ್ ಎಂದೇ ಕರೆಯುತ್ತಾರೆ, ಜೆರಾಕ್ಸ್ ಇದ್ದ ಹಾಗೆ. ಅಮೆರಿಕದಲ್ಲಿ ಮರದ ಬಾತುಕೋಳಿ ಕೆತ್ತುವವರು ಪುಕ್ಕದ ಎಳೆಎಳೆ ಬಿಡಿಸಲು ಇದನ್ನು ಅಪ್ಪಿಕೊಂಡರು.

ಉಜ್ಜಿ ರೂಪ ಕೊಡುವ ವಿದ್ಯೆ ಹೊರಗಿನಿಂದ ಬಂದದ್ದು ಎಂದುಕೊಳ್ಳಬೇಡಿ ಮತ್ತೆ. ಬಳ್ಳಾರಿ ಪಕ್ಕದ ಸಂಗನಕಲ್ಲು-ಕುಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಕೊಡಲಿ ಕಾರ್ಖಾನೆಯೇ ಇತ್ತು. ಕಪ್ಪು ಡಾಲರೈಟ್ ಕಲ್ಲನ್ನು ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಬಂಡೆಗೆ ಉಜ್ಜಿ ಅಲಗು ತರುತ್ತಿದ್ದರು. ಉಜ್ಜಿದ ಬಂಡೆಗಳಲ್ಲಿ ಉದ್ದನೆಯ ಗುಳಿಗಳು ಇವತ್ತಿಗೂ ಇವೆ, ಬೆರಳಿಟ್ಟರೆ ನುಣ್ಣಗೆ ಜಾರುತ್ತದೆ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಜಾಗದ ಬಗ್ಗೆ ಬರೆದ. ಬಳ್ಳಾರಿಯ ಮ್ಯೂಸಿಯಂಗೆ ಅವನದೇ ಹೆಸರು. ಸಿರುಗುಪ್ಪದ ಬಸ್ಸು ಹಾದುಹೋಗುವ ತೆಕ್ಕಲಕೋಟೆಯಲ್ಲೂ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದಾಗ ಅದೇ ಕಾಲದ ದುಂಡು ಗುಡಿಸಲುಗಳ ಕಂಬದ ಗುಳಿಗಳು ಸಿಕ್ಕವು. ಕಂಬ ಇಲ್ಲ. ಮರ ಮಣ್ಣಾಗಿತ್ತು, ತೂತು ಉಳಿದಿತ್ತು. ಆ ಕಂಬಗಳನ್ನು ಕಡಿದ ಕೊಡಲಿಗಳೂ ಉಜ್ಜಿ ಹರಿತ ಮಾಡಿದವೇ ಅಲ್ಲವೇ? ಎರಡು ಕುಲಗಳಿಗೂ ನಂಟು ಆಗಲೇ ಬೆಳೆದಿತ್ತು.

ಬೈರಿಗೆ ಎಂದು ಗೊತ್ತಾದ ಮೇಲೆ ನನ್ನ ಕೈ ಬದಲಾಯಿತು. ಹೊಸದಾಗಿ ಶುರು ಮಾಡುವವರಿಗೆ ಉಪಯೋಗವಾದೀತು ಎಂದು ಹೇಳುತ್ತಿದ್ದೇನೆ. ಬೈರಿಗೆಯನ್ನು ಯಾರೂ ಒತ್ತುವುದಿಲ್ಲ, ತಿರುಗಲು ಬಿಡುತ್ತಾರೆ. ಇದೂ ಹಾಗೇ. ಒತ್ತಿದರೆ ಶಬ್ದ ಕೆಳಗಿಳಿಯುತ್ತದೆ, ಮೋಟರ್ ಬಿಸಿಯಾಗುತ್ತದೆ, ಮರ ಸುಡುತ್ತದೆ. ಅಜ್ಜ ಕಿವಿಗೆ ಹಿಡಿದದ್ದು ಅದಕ್ಕೇ. ವೇಗ ಅರ್ಧಕ್ಕೆ ಇಳಿಸಿ, ಪೆನ್ಸಿಲ್ ಹಿಡಿದಂತೆ ಹಿಡಿದು, ಕಿರುಬೆರಳನ್ನು ಮರಕ್ಕೆ ಊರಿ, ಬಿಟ್ ಉರುಳಿ ಓಡಲು ನೋಡುವ ದಿಕ್ಕಿಗೆ ಎದುರಾಗಿ ಕೈ ಒಯ್ಯಬೇಕು. ಒರಟು ಕೆಲಸಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ಬಿಟ್, ವಜ್ರದ ಪುಡಿಯವು ಕೊನೆಯ ನಯಕ್ಕೆ ಮಾತ್ರ. ಮೊದಲ ತಿಂಗಳು ತೇಗ ಮುಟ್ಟಬೇಡಿ. ಚನ್ನಪಟ್ಟಣದ ಗೊಂಬೆಯವರು ಬಳಸುವ ಹಾಲೆ ಮರದಂಥ ಮೆದು ಮರ ಹಿಡಿಯಿರಿ. ನಾನು ಹದಿನಾಲ್ಕು ತಾವರೆ ಕೆಡಿಸಿ ಆಮೇಲೆ ತೇಗಕ್ಕೆ ಬಂದೆ.

ಧೂಳಿನ ಮಾತು ಬೇರೆಯೇ ಹೇಳಬೇಕು. ಉಳಿ ಎಬ್ಬಿಸುವ ಚಕ್ಕೆ ನೆಲಕ್ಕೆ ಬೀಳುತ್ತದೆ, ಇದರ ಪುಡಿ ಗಾಳಿಯಲ್ಲಿ ನಿಲ್ಲುತ್ತದೆ. ಮರದ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿ ಮಾಡಿದೆ. ಎನ್-95 ಮುಖಗವಸು, ಕನ್ನಡಕ ಇಲ್ಲದೆ ಸ್ವಿಚ್ ಹಾಕಬೇಡಿ. ಎರಡನೇ ಸಲ ಸಿರುಗುಪ್ಪಕ್ಕೆ ಹೋದಾಗ ಅಜ್ಜನಿಗೂ ಒಂದು ಗವಸು ಒಯ್ದಿದ್ದೆ. ನಕ್ಕು ಜೇಬಿಗಿಟ್ಟುಕೊಂಡರು. ಮಾತಿನ ಮಧ್ಯೆ ಕೆಮ್ಮುತ್ತಿದ್ದರು.

ಅವರ ಮಕ್ಕಳು ಕೆತ್ತುವುದಿಲ್ಲ. ಈಗ ಬಾಗಿಲು ಎಂದರೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹಿಡಿದ ಬೈರಿಗೆ. ನಮ್ಮ ಬೀದಿಯಲ್ಲೇ ಐದು ಮನೆಗಳ ಬಾಗಿಲಿಗೆ ಒಂದೇ ನವಿಲು, ಅದೇ ಕತ್ತು, ಅದೇ ಎಲೆ. ಚೆನ್ನಾಗಿಲ್ಲ ಎನ್ನಲಾರೆ, ಅಗ್ಗವಂತೂ ಹೌದು. ಆದರೆ ನಮ್ಮ ಹಳೇ ಚೌಕಟ್ಟಿನ ಎಂಟು ತಾವರೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ನಾರು ತಿರುಗಿದಲ್ಲಿ ಎಸಳೂ ತಿರುಗಿದೆ. ಉಳಿಗೆ ನಾರು ಗೊತ್ತಾಗುತ್ತದೆ, ಮಾತು ಕೇಳದಿದ್ದರೆ ಸೀಳುತ್ತದೆ. ಮೆಷಿನ್ನಿಗೆ ನಾರಿನ ಹಂಗಿಲ್ಲ. ಹಾಗಾಗಿ ನನ್ನಂಥವನೂ ಕೆತ್ತಬಹುದು. ಆದರೆ ಮರ ಎತ್ತ ತಿರುಗುತ್ತಿದೆ ಎಂದು ನನಗೆ ಯಾರೂ ಹೇಳುವುದಿಲ್ಲ.

ಕೆಟ್ಟ ಅರ್ಧವನ್ನು ಗರಗಸದಿಂದ ತೆಗೆದೆ. ಉಳಿದರ್ಧದಲ್ಲಿ ಅಡಕವಾಗುವಷ್ಟು ಆಳ ಕಡಿಮೆ ಮಾಡಿ ಆರನೆಯ ತಾವರೆ ಕೆತ್ತಿದೆ. ಮುಗಿಯುವ ಮುಂಚೆ ಅಜ್ಜನಿಗೆ ತೋರಿಸಲು ಒಯ್ದಾಗ ಅವರು ಒಳಗಿನಿಂದ ಉಳಿ ತರಿಸಿ, ಏನೂ ಹೇಳದೆ ಎರಡು ಎಸಳು ಮುಗಿಸಿ ಕೈಗಿಟ್ಟರು. ಉಳಿದ ಆರನ್ನು ನಾನು ಮೆಷಿನ್ನಲ್ಲೇ ಮುಗಿಸಿದೆ.

ಚೌಕಟ್ಟು ಕೂರಿಸಿ, ಎಣ್ಣೆ ಹಚ್ಚಿ, ಅಪ್ಪನನ್ನು ಕರೆದೆ. ಅವರಿಗೀಗ ಕಣ್ಣು ಮಂದ. ಏಣಿಯ ಎರಡನೇ ಮೆಟ್ಟಿಲು ಹತ್ತಿ, ಗೋಡೆ ಹಿಡಿದು, ಎಡದಿಂದ ಒಂದೊಂದೇ ಹೂವಿನ ಮೇಲೆ ಬೆರಳಾಡಿಸುತ್ತಾ ಬಂದರು. ಆರನೆಯದರ ಮೇಲೆ ಕೈ ನಿಂತಿತು. ಇನ್ನೊಂದು ಸಲ ಸವರಿದರು.

"ಇದರಾಗ ಎರಡೆಸಳು ಬ್ಯಾರೆಯವರವು ಅದಾವಲ್ಲ?" ಎಂದರು.