ಹೆಸರು ಹಿಡಿದು ಕರೆದ ಸಭೆ

ನಾಲ್ಕನೆಯ ಶತಮಾನದ ರೋಮಿನಲ್ಲಿ ಅಲಂಕಾರಶಾಸ್ತ್ರದ ಹೆಸರಾಂತ ಆಚಾರ್ಯರಾಗಿದ್ದ ವಿಕ್ಟೋರಿನುಸರು ಇಳಿವಯಸ್ಸಿನಲ್ಲಿ ಕ್ರಿಸ್ತರನ್ನು ಅರಸಿ ಬಂದರು. ವಿಶ್ವಾಸ ಪ್ರಮಾಣವನ್ನು ಏಕಾಂತದಲ್ಲಿ ಮಾಡಬಹುದೆಂದು ಗುರುಗಳು ಅವಕಾಶವಿತ್ತರೂ ಒಪ್ಪದೆ, ಸಭೆಯ ಮುಂದೆಯೇ ನಿಂತರು. ನೆರೆದವರು ಹರ್ಷದಿಂದ ಒಬ್ಬರಿಗೊಬ್ಬರು ಅವರ ಹೆಸರನ್ನು ಪಿಸುನುಡಿದರಂತೆ. ಈ ವೃತ್ತಾಂತವನ್ನು ಹಿರಿಯ ಗುರು ಸಿಂಪ್ಲಿಸಿಯಾನುಸರಿಂದ ಕೇಳಿ ಮನಕರಗಿದ ಅಗಸ್ಟೀನರು, 387ರ ಪಾಸ್ಖ ಜಾಗರಣೆಯಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು.

ಆ ಕಾಲದಲ್ಲಿ ದೀಕ್ಷಾರ್ಥಿಯ ನಡತೆಗೆ ಸಾಕ್ಷಿ ನುಡಿಯಲು ವಿಶ್ವಾಸಿಯೊಬ್ಬರು ಜೊತೆಗಿರುತ್ತಿದ್ದರು. ದೀಕ್ಷಾಸ್ನಾನದ ನಂತರವೂ ಬೋಧನೆ ಮುಂದುವರಿಯುತ್ತಿತ್ತು. ಶಿಶುಗಳ ದೀಕ್ಷಾಸ್ನಾನವೇ ವಾಡಿಕೆಯಾದಂತೆ ಈ ಪದ್ಧತಿ ಕ್ರಮೇಣ ಮರೆಯಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಅದರ ಪುನಃಸ್ಥಾಪನೆಗೆ ಆದೇಶಿಸಿತು. 1972ರಲ್ಲಿ ಪ್ರಕಟವಾದ ವಿಧಿಯು ಹೊಸಬರನ್ನು ನಡೆಸುವುದು ಇಡೀ ಸಮುದಾಯದ ಹೊಣೆಯೆಂದು ತಿಳಿಸಿತು.

ಆದರೂ ಪಾಸ್ಖ ರಾತ್ರಿ ನಾವು ಚಪ್ಪಾಳೆ ತಟ್ಟಿ ಬರಮಾಡಿಕೊಂಡವರು ಮುಂದಿನ ಭಾನುವಾರಗಳಲ್ಲಿ ಕೊನೆಯ ಬೆಂಚಿನಲ್ಲಿ ಒಂಟಿಯಾಗಿ ಕುಳಿತಿರುವುದನ್ನು ಕಂಡಿದ್ದೇನೆ. ಅವರಲ್ಲಿ ಕೆಲವರು ಬಂಧುಬಳಗದ ಪ್ರೀತಿಯನ್ನೂ ಕಳೆದುಕೊಂಡು ಬಂದವರು. ಪ್ರಿಯರೇ, ನಮ್ಮ ಧರ್ಮಕೇಂದ್ರದಲ್ಲಿ ಅಂಥವರ ಹೆಸರು ನಮಗೆ ಗೊತ್ತೇ? ಬರುವ ಭಾನುವಾರ ಬಲಿಪೂಜೆಯ ಬಳಿಕ ಅವರನ್ನು ಹೆಸರು ಹಿಡಿದು ಮಾತನಾಡಿಸಿ, ಮನೆಗೆ ಊಟಕ್ಕೆ ಕರೆಯೋಣ.